ನಾನು ಆರಿಸಿಕೊಟ್ಟ ಬೈಕು

ಬೈಕು ಕೊಳ್ಳುವ ಮೊದಲು ನನ್ನನ್ನೊಂದು ಮಾತು ಕೇಳಬೇಕು ಎನ್ನುವ ರೂಢಿ ಹೆತ್ತೂರು ಸುತ್ತಿನ ಹುಡುಗರಲ್ಲಿ ಹೇಗೆ ಬಿತ್ತೋ ನನಗೆ ಗೊತ್ತಿಲ್ಲ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿದ್ದ ಕಾಲ. ನಾನು ಊರಿನಿಂದ ನಾಲ್ಕು ಮೈಲಿ ಆಚೆಯ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಸ್ಟೋರಿನ ಬೀಗ ತೆಗೆದು ಗೊಬ್ಬರ ಕೊಡುವುದು, ಸಂಜೆ ಮತ್ತೆ ಬೀಗ ಹಾಕುವುದು ನನ್ನ ಕೆಲಸ. ಸಾಹುಕಾರರ ಮಗ ಬೈಕುಗಳ ಬಗ್ಗೆಯೇ ಬರುವ ಒಂದು ಇಂಗ್ಲಿಷ್ ಮಾಸಪತ್ರಿಕೆಯನ್ನು ಅಂಚೆಯಲ್ಲಿ ತರಿಸುತ್ತಿದ್ದ. ಅವನು ಚಿತ್ರ ನೋಡಿ ಬಿಸಾಕಿದ್ದನ್ನು ನಾನು ಸ್ಟೋರಿಗೆ ಒಯ್ದು, ಗೊಬ್ಬರದ ಮೂಟೆಯ ಮೇಲೆ ಕೂತು ಅಕ್ಷರ ಬಿಡದೆ ಓದುತ್ತಿದ್ದೆ. ಅರ್ಥವಾಗದ ಪದಕ್ಕೆ ಶಾಲೆಯ ಕಾಲದ ಡಿಕ್ಷನರಿ ಇತ್ತು. ಹೀಗೆ ಎರಡು ವರ್ಷ ಓದಿದ ಮೇಲೆ ಯಾವ ಬೈಕು ಎಷ್ಟು ಸೆಕೆಂಡಿನಲ್ಲಿ ಅರವತ್ತು ಮುಟ್ಟುತ್ತದೆ ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುವಂತಾಗಿದ್ದೆ.

ಯಾರಾದರೂ ಬಂದರೆ ನಾನು ಡಾಕ್ಟರ ಗತ್ತಿನಲ್ಲಿ ಮೊದಲು ಕೇಳುತ್ತಿದ್ದುದು ಒಂದೇ. ಯಾವುದಕ್ಕೆ ಬೇಕು? ರೋಡಿಗೋ, ರೇಸಿಗೋ, ಸ್ಟಂಟಿಗೋ? ರೋಡು ಎಂದರೆ ಮಳೆಗಾಲಕ್ಕೊಮ್ಮೆ ಕಿತ್ತು ಹೋಗುವ ನಮ್ಮ ಸಕಲೇಶಪುರದ ರಸ್ತೆ. ರೇಸು ಎಂದರೆ ಕೊಯ್ಲು ಮುಗಿದ ಮೇಲೆ ಕುಂದೂರಿನ ಕಡೆ ಒಂದು ಗದ್ದೆಬಯಲಿನಲ್ಲಿ ಹುಡುಗರೇ ಹಗ್ಗ ಕಟ್ಟಿ, ಬದು ಕಡಿದು ಮಾಡಿಕೊಳ್ಳುತ್ತಿದ್ದ ಮಣ್ಣಿನ ಟ್ರ್ಯಾಕು. ಸ್ಟಂಟಿಗೆ ನಮ್ಮಲ್ಲಿ ಎಲ್ಲೂ ಇಲ್ಲದ ಅನುಕೂಲವಿತ್ತು. ಕಾಫಿ ಒಣಗಿಸುವ ಸಿಮೆಂಟಿನ ಕಣ. ಹಣ್ಣು ಕುಯ್ಯುವ ಕಾಲ ಶುರುವಾಗುವವರೆಗೆ ಅದು ಖಾಲಿ ಬಿದ್ದಿರುತ್ತದೆ, ಅಂಗೈಯಷ್ಟು ನುಣುಪಾಗಿರುತ್ತದೆ. ಭಾನುವಾರ ಸಾಹುಕಾರರು ಪೇಟೆಗೆ ಹೋದರೆಂದರೆ ಅಲ್ಲಿ ನಾಲ್ಕೈದು ಬೈಕು ಸೇರಿ, ಮುಂದಿನ ಚಕ್ರ ಎತ್ತಿ ಹಿಂದಿನ ಚಕ್ರದ ಮೇಲೇ ಓಡಿಸುವ ಆಟ ನಡೆಯುತ್ತಿತ್ತು. ಮೂರಕ್ಕೂ ಒಂದೇ ಬೈಕು ಆಗುವುದಿಲ್ಲ, ಯಾವುದಾದರೂ ಒಂದನ್ನು ಬಿಡಬೇಕು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಹೋಗುತ್ತಿದ್ದರು.

ಇಷ್ಟೆಲ್ಲ ಹೇಳುತ್ತಿದ್ದ ನನಗೆ ಬೈಕು ಎಂದರೆ ಪ್ರಾಣಭಯ. ಬಿದ್ದು ಪೆಟ್ಟು ಮಾಡಿಕೊಂಡು ಬಂದ ಭಯವಲ್ಲ. ಅಂಥ ಒಂದು ಕಾರಣವಿದ್ದಿದ್ದರೆ ಹೇಳಿಕೊಳ್ಳಲಾದರೂ ಆಗುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತು ಗಾಡಿ ಬಲಕ್ಕೆ ವಾಲಿತೆಂದರೆ ನನ್ನ ಮಂಡಿ ತಾನಾಗಿ ನಡುಗುತ್ತಿತ್ತು. ಎಸ್ಟೇಟಿಗೆ ದಿನಾ ನಾಲ್ಕು ಮೈಲಿ ನಡೆದೇ ಹೋಗುತ್ತಿದ್ದೆ. ಕೇಳಿದವರಿಗೆ ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಅನ್ನುತ್ತಿದ್ದೆ. ನೀನು ಯಾವಾಗ ಗಾಡಿ ತಗೊಳ್ತೀಯ ಎಂದರೆ, ನನಗೆ ಸರಿಯಾದದ್ದು ಇನ್ನೂ ಕಂಪನಿಯವರು ಮಾಡಿಲ್ಲ ಎಂದು ಜಂಬದಿಂದ ಹೇಳುತ್ತಿದ್ದೆ. ಆ ಮಾತಿನಿಂದ ನನ್ನ ಮರ್ಯಾದೆ ಇನ್ನಷ್ಟು ಹೆಚ್ಚಿತು. ನಾಚಿಕೆಗೇಡಿನ ಸಂಗತಿ, ಆದರೆ ಇದ್ದದ್ದು ಹಾಗೆ.

ಅಕ್ಕನನ್ನು ಹೆತ್ತೂರಿಗೇ ಕೊಟ್ಟಿತ್ತು. ಅಪ್ಪ ಅಮ್ಮ ಹೋದ ಮೇಲೆ ನಾನು ರಾತ್ರಿಯೂಟಕ್ಕೆ ಅವಳ ಮನೆಗೇ ಹೋಗುತ್ತಿದ್ದೆ. ಭಾವ ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರು, ಪಂಪ್‌ಸೆಟ್ಟು ರಿಪೇರಿ ಮಾಡುವವರು. ಹಳೆಯ ಟೂ ಸ್ಟ್ರೋಕ್ ಬೈಕಿನ ಹಿಂದೆ ಸ್ಪ್ಯಾನರುಗಳ ಚೀಲ ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗುತ್ತಿದ್ದರು. ಮೂವತ್ತೈದು ದಾಟಿದ ಗಂಡಸು, ಇಪ್ಪತ್ತರ ಹುಡುಗರ ಜೊತೆ ಗದ್ದೆ ರೇಸಿಗೂ ಇಳಿಯುತ್ತಿದ್ದರು, ಕಣದಲ್ಲಿ ಚಕ್ರವನ್ನೂ ಎತ್ತುತ್ತಿದ್ದರು. ಅವರ ಮುಖದಲ್ಲಿ ಆಗ ಬರುತ್ತಿದ್ದ ಸಂತೋಷ ನೋಡಿದರೆ ಬೈಯಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಒಂದು ಭಾನುವಾರ ಯಾರದೋ ತೋಟದಲ್ಲಿ ಮೋಟಾರು ಕೆಟ್ಟಿದೆಯೆಂದು ಹೇಳಿಕಳಿಸಿದ್ದರು. ಅದನ್ನು ತಿಳಿಸಲು ಅಕ್ಕ ಕಣದವರೆಗೆ ಬಂದಳು. ಬಂದವಳಿಗೆ ಕಂಡದ್ದು ಗಂಡನ ಬೈಕು ನೆಟ್ಟಗೆ ನಿಂತು, ಅವರ ತಲೆ ನೆಲದ ಕಡೆ ವಾಲಿ, ಹಾಗೇ ಇಪ್ಪತ್ತು ಮಾರು ಓಡಿದ್ದು. ಅವಳು ಕೂಗಲಿಲ್ಲ. ಹೇಳಬೇಕಾದ ವಿಷಯವನ್ನು ನನಗೆ ಹೇಳಿ ಹಿಂದಿರುಗಿದಳು. ಮರುದಿನ, ಯಾವತ್ತೂ ಬಾರದವಳು, ಸ್ಟೋರಿನ ಬಾಗಿಲಿಗೆ ಬಂದಳು.

"ಅವ್ರು ಹೊಸ ಗಾಡಿ ತಗೋತಾರಂತೆ. ನಿನ್ನೇ ಕೇಳ್ತಾರೆ," ಅಂದಳು. "ಆ ಮುಂದಿನ ಚಕ್ರ ಏಳ್ದೇ ಇರೋದು ಯಾವ್ದೈತೋ ಅದನ್ನ ಕೊಡ್ಸು. ನಾ ಹೇಳ್ದೆ ಅಂತ ಹೇಳ್ಬ್ಯಾಡ."

ನೀನೇ ಅವರಿಗೆ ಹೇಳು ಅಂದೆ. ಹೇಳಿದರೆ ಪುಕ್ಕಲಿ ಎಂದು ಊರೆಲ್ಲ ಆಡಿಕೊಂಡು ನಗುತ್ತಾರೆ, ನಿನ್ನ ಮಾತಾದರೆ ಮರು ಮಾತಾಡದೆ ಕೇಳುತ್ತಾರೆ ಅಂದಳು. ಪುಕ್ಕಲಿ ಅನ್ನಿಸಿಕೊಳ್ಳುವ ಕಷ್ಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ? ನಾನು ಒಪ್ಪಿಕೊಂಡೆ. ಒಪ್ಪಿಕೊಂಡದ್ದು ಅವಳಿಗಾಗಿ ಎಂದು ಅಂದುಕೊಂಡೆ. ನಿಜ ಹೇಳಬೇಕೆಂದರೆ ಭಾವ ಚಕ್ರ ಎತ್ತಿದಾಗಲೆಲ್ಲ ನಾನೂ ಬೇರೆ ಕಡೆ ನೋಡುತ್ತಿದ್ದೆ.

ಭಾವ ಕೇಳಿಯೇ ಕೇಳಿದರು. ಅವರಿಗೆ ಮೂರಕ್ಕೂ ಆಗುವ ಒಂದೇ ಬೈಕು ಬೇಕಿತ್ತು. ಕೆಲಸಕ್ಕೆ ಹೋಗಬೇಕು, ಗದ್ದೆಯಲ್ಲಿ ಗೆಲ್ಲಬೇಕು, ಕಣದಲ್ಲಿ ಎತ್ತಬೇಕು. ಮೂರಕ್ಕೂ ಒಂದೇ ಇಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ ನನಗೆ ಅಂಥದ್ದೊಂದು ಆ ವರ್ಷವೇ ಬಂದಿರುವುದು ಗೊತ್ತಿತ್ತು. ನೂರೆಂಬತ್ತು ಸಿಸಿಯದು, ಒಳ್ಳೆಯ ಎಳೆತ, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು. ಅದರ ಬಗ್ಗೆ ಪತ್ರಿಕೆಯಲ್ಲಿ ಬಂದಿದ್ದ ಆರು ಪುಟವನ್ನು ನಾನು ಎಷ್ಟು ಸಲ ಓದಿದ್ದೆನೆಂದರೆ ಹಾಳೆ ಮಡಿಕೆಯಲ್ಲಿ ಹರಿದಿತ್ತು.

ಹಾಸನದ ಶೋರೂಮಿಗೆ ಇಬ್ಬರೂ ಬಸ್ಸಿನಲ್ಲಿ ಹೋದೆವು. ಆ ಬೈಕು ಬಾಗಿಲಲ್ಲೇ ನಿಂತಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಅದಕ್ಕೆ ಕೆಂಪು ಪಟ್ಟಿ, ಮುಂದೆ ಗಾಳಿ ಸೀಳುವಂಥ ಮೂತಿ, ಟ್ಯಾಂಕಿನ ಮೇಲೆ ಸ್ಟಿಕ್ಕರು, ನೋಡಲು ರೇಸಿನ ಕುದುರೆ. ಒಳಗಿದ್ದದ್ದು ಮಾತ್ರ ಪೇಟೆಗೆ ಹಾಲು ಹಾಕಿ ಬರುವವರ ಗಾಡಿಯ ಇಂಜಿನ್ನು. ಎಷ್ಟು ಜಗ್ಗಿದರೂ ಮುಂದಿನ ಚಕ್ರ ಏಳುವುದಿಲ್ಲ. ಬ್ರೇಕು ಹಿಂದೆ ಮುಂದೆ ಎರಡೂ ಹಳೆಯ ಮಾದರಿಯ ಡ್ರಮ್ಮು. ಇದು ಎಲ್ಲದಕ್ಕೂ ಹದವಾಗಿದೆ ಎಂದು ನಾನು ಭಾವನಿಗೆ ಹೇಳಿದೆ. ಅವರ ಕಣ್ಣು ಮಾತ್ರ ಬಾಗಿಲ ಕಡೆಯದರ ಮೇಲೇ ಇತ್ತು. ಕೊನೆಗೆ ಡಿಸ್ಕಿನ ಮೇಲೆ ಬೆರಳಿಟ್ಟು ಇದು ಹೇಗೆ ಎಂದು ಕೇಳಿದರು.

"ಅದು ಬಯಲುಸೀಮೆಯೋರಿಗೆ ಭಾವ. ನಮ್ಮ ಕೆಸರಿಗೆ, ಮಳೆಗೆ ಆಗಲ್ಲ. ಮಣ್ಣು ತುಂಬ್ಕೊಂಡು ಹಿಡ್ಕೊಂಡ್ಬಿಡ್ತದೆ," ಅಂದೆ.

ಶೋರೂಮಿನವನು ಏನೋ ಹೇಳಲು ಬಾಯಿ ತೆರೆದ. ಭಾವ ಅವನನ್ನು ತಡೆದು, ಇವನು ಹೇಳಿದ ಮೇಲೆ ಮುಗಿಯಿತು ಅಂದರು. ನನ್ನ ಕಿವಿ ಬಿಸಿಯಾಯಿತು. ಆದರೆ ಒಳಗೊಳಗೇ ನಿರಾಳ. ನಿಧಾನದ ಗಾಡಿ, ಇನ್ನೇನು ಭಯ ಎಂದು ಲೆಕ್ಕ ಹಾಕಿದ್ದೆ.

ಹೊಸ ಗಾಡಿಗೆ ಸುಬ್ರಹ್ಮಣ್ಯದಲ್ಲಿ ಪೂಜೆ ಮಾಡಿಸುವುದು ನಮ್ಮ ಕಡೆಯ ಕ್ರಮ. ಬಿಸಿಲೆ ಘಾಟಿ ಇಳಿದರೆ ದೇವಸ್ಥಾನ. ಆರಿಸಿಕೊಟ್ಟವನು ಜೊತೆಗೆ ಬರದಿದ್ದರೆ ಹೇಗೆ ಎಂದು ಭಾವ ಪಟ್ಟು ಹಿಡಿದರು. ಹೊಟ್ಟೆ ಸರಿಯಿಲ್ಲ ಅಂದೆ, ಹಾಜರಿ ಪುಸ್ತಕ ಬಾಕಿಯಿದೆ ಅಂದೆ. ಅಕ್ಕನೇ, ಹೋಗಿ ಬಾ, ನೀನು ಜೊತೆಗಿದ್ದರೆ ನನಗೆ ಧೈರ್ಯ ಅಂದಳು. ಮಳೆ ಬಿಟ್ಟು ಬಿಸಿಲು ಕಾಯತೊಡಗಿದ ಒಂದು ಬೆಳಿಗ್ಗೆ ನಾನು ಹಣ್ಣುಕಾಯಿಯ ಚೀಲ ಎದೆಗವಚಿಕೊಂಡು ಹಿಂದೆ ಕೂತೆ.

ಬಿಸಿಲೆಯವರೆಗೆ ಗಾಡಿ ಏದುಸಿರು ಬಿಡುತ್ತ ಹೋಯಿತು. ಏರಿನಲ್ಲಿ ಭಾವ ಎರಡು ಸಲ ತಿರುಗಿ ನನ್ನ ಕಡೆ ನೋಡಿದರು. ಅರಣ್ಯದವರ ಗೇಟು ದಾಟಿ ಇಳಿಜಾರು ಶುರುವಾಗುತ್ತಿದ್ದಂತೆ ಅವರು ಗೇರು ತೆಗೆದು ನ್ಯೂಟ್ರಲಿಗೆ ತಂದರು, ಕೀ ತಿರುಗಿಸಿ ಇಂಜಿನ್ ಆಫ್ ಮಾಡಿದರು.

ಬೇರೆ ಸೀಮೆಯವರಿಗೆ ಇದು ವಿಚಿತ್ರವೆನಿಸಬಹುದು. ನಮ್ಮಲ್ಲಿ ಎಲ್ಲರೂ ಮಾಡುವುದು ಹಾಗೇ. ಪೆಟ್ರೋಲ್ ಬಂಕು ಇದ್ದದ್ದು ದೂರದ ಸಕಲೇಶಪುರದಲ್ಲಿ. ಇಳಿಜಾರಿಗೂ ಪೆಟ್ರೋಲ್ ಸುಡುವವನನ್ನು ನಮ್ಮ ಕಡೆ ದಡ್ಡ ಎನ್ನುತ್ತಿದ್ದರು. ಜೀಪಿನವರು, ಸ್ಕೂಟರಿನ ಮೇಷ್ಟರು, ಎಲ್ಲರೂ ಗುಡ್ಡದ ನೆತ್ತಿಯಲ್ಲಿ ಇಂಜಿನ್ ನಿಲ್ಲಿಸಿ, ಬರೀ ಬ್ರೇಕಿನ ಮೇಲೆ ತಪ್ಪಲಿನವರೆಗೆ ಉರುಳಿಕೊಂಡು ಹೋಗುತ್ತಿದ್ದರು. ಇದರ ಜೊತೆಗೆ ಇನ್ನೊಂದು ಪಾಠ ಬೇರೆ. ಮುಂದಿನ ಬ್ರೇಕು ಮುಟ್ಟಬಾರದು, ಮುಟ್ಟಿದರೆ ಗಾಡಿ ಪಲ್ಟಿ ಹೊಡೆಯುತ್ತದೆ ಎಂದು ಸೈಕಲ್ ಕಲಿಸುವಾಗಲೇ ದೊಡ್ಡವರು ಹೇಳಿಕೊಡುತ್ತಿದ್ದರು. ಇವೆರಡೂ ಎಷ್ಟು ತಪ್ಪೆಂದು ಪತ್ರಿಕೆಯಲ್ಲಿ ಓದಿದ್ದೆ. ಇಳಿಜಾರಿನಲ್ಲಿ ಗಾಡಿಯನ್ನು ಅರ್ಧ ಹಿಡಿಯುವುದು ಗೇರಿನಲ್ಲಿರುವ ಇಂಜಿನ್ನೇ. ನಿಲ್ಲಿಸುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಡ್ರಮ್ಮು ಕಾದರೆ ಹಿಡಿಯುವುದಿಲ್ಲ. ಎಲ್ಲ ಗೊತ್ತಿತ್ತು. ಭಾವ, ಇಂಜಿನ್ ಹಾಕಿ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ನನ್ನ ದನಿ ನಡುಗುವುದು ಅವರಿಗೆ ಗೊತ್ತಾಗುತ್ತದೆ ಅನ್ನಿಸಿ ಸುಮ್ಮನಾದೆ.

ಆ ವರ್ಷ ಮೇಲಿನ ಒಂದೆರಡು ಮೈಲಿಗೆ ಹೊಸ ಡಾಂಬರು ಬಿದ್ದಿತ್ತು. ಇಂಜಿನ್ನಿನ ಸದ್ದಿಲ್ಲದೆ ಟಯರಿನ ಸುಯ್ ಎನ್ನುವ ಸದ್ದು ಮಾತ್ರ. ಪಕ್ಕದ ಕಾಡಿನಲ್ಲಿ ಮರಕುಟಿಗ ಕುಟ್ಟುವುದು ಕೇಳಿಸುತ್ತಿತ್ತು. ಮೊದಲ ತಿರುವು, ಎರಡನೆಯದು. ಭಾವ ಬಲಗಾಲಿನಿಂದ ಹಿಂದಿನ ಬ್ರೇಕನ್ನು ಒತ್ತಿಕೊಂಡೇ ಇದ್ದರು. ಅವರ ಭುಜದ ಮೇಲಿನಿಂದ ಮೀಟರಿನ ಮುಳ್ಳು ಕಾಣುತ್ತಿತ್ತು. ಮೂವತ್ತು ಇದ್ದದ್ದು ನಲವತ್ತಾಯಿತು. ಬಟ್ಟೆ ಸುಟ್ಟಂಥ ವಾಸನೆ ಬಂತು. ಯಾರೋ ಕಾಡಿನಲ್ಲಿ ಬೆಂಕಿ ಹಾಕಿದ್ದಾರೆ ಎಂದು ನಾನು ನನಗೇ ಹೇಳಿಕೊಂಡೆ. ಅದು ನಮ್ಮ ಗಾಡಿಯ ಬ್ರೇಕಿನ ವಾಸನೆಯೆಂದು ಚೆನ್ನಾಗಿ ಗೊತ್ತಿತ್ತು.

ಮೂರನೆಯ ತಿರುವಿನ ಮುಂಚೆ ಭಾವನ ಕಾಲು ಪೂರ್ತಿ ಕೆಳಗೆ ಹೋಯಿತು. ಗಾಡಿ ಕೇಳಲಿಲ್ಲ. ಮುಳ್ಳು ಐವತ್ತರ ಹತ್ತಿರ. ಬಲಕ್ಕೆ ರಸ್ತೆಯ ಅಂಚಿನಾಚೆ ಮರಗಳ ತುದಿ ಮಾತ್ರ ಕಾಣುತ್ತಿತ್ತು, ಬುಡ ಕಾಣುತ್ತಿರಲಿಲ್ಲ. ನನಗೆ ಎಂಥ ಹೆದರಿಕೆಯಾಯಿತೆಂದರೆ ಕೈಕಾಲಿನ ಅರಿವೇ ಹೋಯಿತು. ಹಣ್ಣುಕಾಯಿಯ ಚೀಲ ಯಾವಾಗ ಬಿತ್ತೋ, ಭಾವನ ಸೊಂಟವನ್ನು ಯಾವಾಗ ಎರಡೂ ಕೈಯಲ್ಲಿ ಅಪ್ಪಿದೆನೋ ನೆನಪಿಲ್ಲ. ಕೀ ತಿರುಗಿಸಿ, ಮೂರನೇ ಗೇರಿಗೆ ಹಾಕಿ, ಕ್ಲಚ್ ಬಿಡಿ. ಈ ಮೂರು ಮಾತು ತಲೆಯಲ್ಲಿ ಪತ್ರಿಕೆಯ ಅಚ್ಚಿನ ಅಕ್ಷರದಲ್ಲೇ ಕಾಣುತ್ತಿತ್ತು. ಬಾಯಿಂದ ಹೊರಟದ್ದು ಕರು ಕೂಗಿದಂಥ ಒಂದು ಸದ್ದು ಅಷ್ಟೆ.

ಆಗಲೇ ಕೆಳಗಿನಿಂದ ಜೀಪಿನ ಸದ್ದು ಕೇಳಿಸಿತು. ಭಾವ ಹಾರ್ನ್ ಒತ್ತಿದರು. ಕೀ ಆಫ್ ಆಗಿದ್ದರಿಂದ ಹಾರ್ನೂ ಸತ್ತಿತ್ತು. ಅವರು ಹೋಯ್ ಹೋಯ್ ಎಂದು ಕೂಗಿದರು, ಹುಟ್ಟಿದಾಗಿನಿಂದ ಮುಟ್ಟದ ಮುಂದಿನ ಬ್ರೇಕನ್ನು ಹಿಡಿದು ಹಿಂಡಿದರು. ಗಾಡಿ ಪಲ್ಟಿ ಹೊಡೆಯಲಿಲ್ಲ. ನಿಲ್ಲಲೂ ಇಲ್ಲ. ಒಮ್ಮೆಯೂ ಹಿಡಿಯದ ಹೊಸ ಡ್ರಮ್ಮು ಇನ್ನೂ ಪಳಗಿರಲಿಲ್ಲ, ಬೆಣ್ಣೆ ಹಚ್ಚಿದ ಹಾಗೆ ಜಾರಿಕೊಂಡು ಗಾಡಿ ಸ್ವಲ್ಪ ನಿಧಾನವಾಯಿತು. ಶೋರೂಮಿನ ಬಾಗಿಲಲ್ಲಿ ನಿಂತಿದ್ದ ಆ ಇನ್ನೊಂದು ಬೈಕು ಆಗಿದ್ದಿದ್ದರೆ ಇಷ್ಟೊತ್ತಿಗೆ ನಿಂತಿರುತ್ತಿತ್ತು ಎಂದು ಆ ಗಳಿಗೆಯಲ್ಲೂ ನನಗೆ ಹೊಳೆಯಿತು. ಸಾಯುವ ಮುಂಚೆ ದೇವರು ನೆನಪಾಗುತ್ತಾನೆ ಅನ್ನುತ್ತಾರೆ. ನನಗೆ ನೆನಪಾದದ್ದು ನಾನು ಹೇಳಿದ ಸುಳ್ಳು.

ತಿರುವಿನಲ್ಲಿ ಜೀಪಿನ ಮೂತಿ ಕಂಡಿತು. ಭಾವ ಗಾಡಿಯನ್ನು ಎಡಕ್ಕೆ, ಗುಡ್ಡ ಕಡಿದ ಮಣ್ಣಿನ ದರೆಗೆ ನುಗ್ಗಿಸಿದರು. ಮೊದಲು ಚರಂಡಿ, ಆಮೇಲೆ ಮಣ್ಣು. ನಾನು ಅವರ ಮೇಲೆ ಬಿದ್ದೆ, ಅವರು ಹ್ಯಾಂಡಲ್ಲಿನ ಮೇಲೆ ಬಿದ್ದರು. ಜೀಪು ನಮ್ಮನ್ನು ದಾಟಿ ಹೋಗಿ ನಿಂತಿತು. ಕಣ್ಣು ಬಿಟ್ಟಾಗ ಜರಿಗಿಡದ ಎಲೆ ಬಾಯಲ್ಲಿತ್ತು, ಒಂದು ತೆಂಗಿನಕಾಯಿ ರಸ್ತೆಯಲ್ಲಿ ಉರುಳಿಕೊಂಡು ಕೆಳಗೆ ಹೋಗುತ್ತಿತ್ತು. ಅದು ಎಲ್ಲೂ ನಿಲ್ಲದೆ ತಿರುವಿನಲ್ಲಿ ಮರೆಯಾಗುವವರೆಗೆ ನಾನು ಅದನ್ನೇ ನೋಡುತ್ತಿದ್ದೆ.

ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಭಾವನ ಬಲಗೈ ಮಣಿಕಟ್ಟು, ಹೆಗಲಿನ ಮೂಳೆ ಎರಡೂ ಮುರಿದಿದ್ದವು. ಜೀಪಿನವರೇ ನಮ್ಮನ್ನು ಹತ್ತಿಸಿಕೊಂಡು ಸಕಲೇಶಪುರದ ಆಸ್ಪತ್ರೆಗೆ ಬಿಟ್ಟರು. ಸ್ಪ್ಯಾನರ್ ಹಿಡಿದು ಬದುಕುವ ಮನುಷ್ಯನ ಬಲಗೈ. ಸರಿಯಾಗಿ ಕೂಡಿಕೊಳ್ಳುತ್ತದೋ ಇಲ್ಲವೋ ಕಟ್ಟು ಬಿಚ್ಚಿದ ಮೇಲೇ ಹೇಳಬೇಕು ಎಂದು ಡಾಕ್ಟರು ಅಂದರು. ಅಕ್ಕ ಬಂದವಳು ಗಂಡನ ಮುಖ ನೋಡಿದಳು, ಕೈ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ.

ಅದಕ್ಕಿಂತ ಕೆಟ್ಟದ್ದು ಆಮೇಲೆ ಶುರುವಾಯಿತು. ನೋಡಲು ಬಂದವರಿಗೆಲ್ಲ ಭಾವ ನನ್ನನ್ನು ಹೊಗಳತೊಡಗಿದರು. ಗಾಡಿ ಗಟ್ಟಿಯಾಗಿದ್ದಕ್ಕೆ ಉಳಿದೆವು, ಭಾವಮೈದ ಆರಿಸಿದ್ದು, ಬೇರೆ ಗಾಡಿಯಾಗಿದ್ದರೆ ಕಂದಕಕ್ಕೆ ಹೋಗಿರುತ್ತಿದ್ದೆವು ಎನ್ನುವರು. ತಪ್ಪೆಲ್ಲ ತಮ್ಮದು, ಬ್ರೇಕಿನ ಮೇಲೆ ಜಾಸ್ತಿ ಕಾಲಿಟ್ಟೆ ಎನ್ನುವರು. ನಾನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ರಾತ್ರಿ ಅಕ್ಕನ ಮನೆಯಲ್ಲಿ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಘಾಟಿಯಲ್ಲಿ ಆದ ಹೆದರಿಕೆ ಎರಡು ನಿಮಿಷದ್ದು. ಇದು ಬೆಳಿಗ್ಗೆ ಏಳುವಾಗಲೇ ಜೊತೆಗೆ ಏಳುತ್ತಿತ್ತು.

ಹದಿನೈದು ದಿನ ಕಳೆದಿರಬೇಕು. ಆಲೂರಿನ ಕಡೆಯ ಒಬ್ಬ ಯುವಕ ನನ್ನನ್ನು ಹುಡುಕಿಕೊಂಡು ಭಾವನ ಮನೆಗೇ ಬಂದ. ರೋಡಿಗೂ ಗದ್ದೆ ರೇಸಿಗೂ ಆಗುವಂಥದ್ದು ಬೇಕಂತೆ. ನಾನು ಬಾಯಿ ತೆರೆಯುವ ಮೊದಲೇ ಭಾವ ಜಗಲಿಯ ಮೇಲೆ ಕೂತಲ್ಲಿಂದ ಕಟ್ಟು ಹಾಕಿದ ಕೈ ತೋರಿಸಿ, ಇವನು ಯಾವುದು ಅಂತಾನೋ ಕಣ್ಣು ಮುಚ್ಚಿಕೊಂಡು ತಗೋ, ನಾನು ಉಳಿದಿರುವುದೇ ಅದರಿಂದ ಅಂದರು. ನಾಳೆ ಹೇಳುತ್ತೇನೆ ಎಂದು ಅವನನ್ನು ಕಳಿಸಿದೆ. ಅವನು ಗೇಟು ದಾಟಿದ ಮೇಲೆ ಭಾವನ ಎದುರು ಕೂತೆ. ಮಂಡಿ ನಡುಗುತ್ತಿತ್ತು. ಗಾಡಿ ಎಲ್ಲೂ ಇರಲಿಲ್ಲ, ಆದರೂ ನಡುಗುತ್ತಿತ್ತು.

"ಡಿಸ್ಕ್ ಕೆಸರಿಗೆ ಆಗಲ್ಲ ಅಂದಿದ್ದು ಸುಳ್ಳು ಭಾವ," ಅಂದೆ. "ಆ ಗಾಡಿ ಆಗಿದ್ರೆ ಅಲ್ಲಿ ನಿಲ್ತಿತ್ತು. ನಂಗೆ ಅವತ್ತೇ ಗೊತ್ತಿತ್ತು."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮುಖ ಬಿಗಿಯಿತು. ಕಟ್ಟಿನ ಕೈಯನ್ನು ಒಮ್ಮೆ ನೋಡಿಕೊಂಡರು. ಯಾಕೆ ಎಂದು ಕೇಳಿದರು, ಬಹಳ ಮೆಲ್ಲಗೆ.

ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ. ನನಗೆ ಬೈಕಿನ ಮೇಲೆ ಕೂರಲೂ ಹೆದರಿಕೆ, ನೋಡಲೂ ಹೆದರಿಕೆ, ನೀವು ಚಕ್ರ ಎತ್ತಿದಾಗ ಸತ್ತೇ ಹೋಗುತ್ತೀರಿ ಎಂದು ಹೆದರಿಕೆ, ಅದಕ್ಕೇ ಓಡದ ಗಾಡಿ ಕೊಡಿಸಿದೆ ಅಂದೆ. ಘಾಟಿಯಲ್ಲಿ ಗೇರಿಗೆ ಹಾಕಿ ಎಂದು ಹೇಳಲು ಗೊತ್ತಿದ್ದೂ ಬಾಯಿ ಬರಲಿಲ್ಲ ಅಂದೆ. ಅಕ್ಕನ ಹೆಸರು ಎತ್ತಲಿಲ್ಲ. ಎತ್ತಬೇಕಾಗಲೂ ಇಲ್ಲ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತು ಬಹಳ ಹೊತ್ತಾಗಿತ್ತು.

"ಅವನ್ನ ಬೈಬ್ಯಾಡಿ. ನಾನೇ ಹೇಳಿ ಮಾಡ್ಸಿದ್ದು," ಎಂದು ಅಕ್ಕ ಬಾಗಿಲಿಗೆ ಬಂದು ನಿಂತಳು.

ಭಾವ ಅವಳನ್ನೂ ನನ್ನನ್ನೂ ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು, "ಹೆದ್ರಿಕೆ ಐತೆ ಅಂತ ನಂಗೊಂದ್ ಮಾತು ಹೇಳಿದ್ರೆ ಎತ್ತೋದು ಬಿಡ್ತಿದ್ದೆ ಕಣೆ," ಅಂದರು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದಳು. ಕೈ ಆಗಲೇ ಒಣಗಿತ್ತು.

ಕಟ್ಟು ಬಿಚ್ಚಿದ ಮೇಲೆ ಕೈ ನಡೆದರೆ, ಘಾಟಿಯಲ್ಲಿ ಜಜ್ಜಿದ್ದನ್ನು ಮಾರಿಯಾದರೂ ಕೆಲಸಕ್ಕೆ ಬೇರೆ ಗಾಡಿ ಬೇಕೇ ಬೇಕು, ತೋಟದಿಂದ ತೋಟಕ್ಕೆ ನಡೆದು ಹೋಗಲು ಆಗುವುದಿಲ್ಲ ಎಂದು ಭಾವ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಈಗ ನಿಜ ಹೇಳು ಮಾರಾಯ. ನಂಗೆ ಯಾವ್ದು?"

ನನಗೆ ಯಾವುದೆಂದು ಗೊತ್ತಿತ್ತು. ಅದನ್ನು ಹೇಳುವುದೆಂದರೆ ಚಕ್ರ ಏಳುವ ಗಾಡಿಯನ್ನು ಅಕ್ಕನ ಕಣ್ಣೆದುರಿಗೇ ಅವರ ಕೈಗೆ ಕೊಟ್ಟಂತೆ. ಹೇಳದಿದ್ದರೆ ಮತ್ತೆ ಅದೇ ಸುಳ್ಳು. ಶೋರೂಮಿನ ಬಾಗಿಲಲ್ಲಿದ್ದದ್ದು, ನೂರೆಂಬತ್ತರದು ಎಂದು ಹೇಳಿದೆ. ಅದು ಜೋರಾಗಿ ಹೋಗುತ್ತದೆ, ಎತ್ತಿದರೆ ಏಳುತ್ತದೆ ಎನ್ನುವುದನ್ನೂ ಮುಚ್ಚಿಡಲಿಲ್ಲ. ಹೇಳಿ ಮುಗಿಸಿ ಅಕ್ಕನ ಮುಖ ನೋಡಲಾರದೆ ಅಂಗಳ ನೋಡುತ್ತ ಕೂತೆ.

ಅವಳು ಹೊಸ್ತಿಲು ದಾಟಿ ಬಂದು, ಭಾವನ ಕಟ್ಟಿನ ಕೈಗೆ ತಾಗದಂತೆ, ಜಗಲಿಯ ತುದಿಯಲ್ಲಿ ಕೂತಳು. ಬೈಕಿನ ಬಗ್ಗೆ ಅವಳು ಯಾವತ್ತೂ ನನ್ನನ್ನು ಏನೂ ಕೇಳಿದವಳಲ್ಲ.

"ಅದ್ರ ಬ್ರೇಕ್ ಹೆಂಗೈತೆ, ಹೇಳು," ಅಂದಳು. ಅವಳ ದನಿ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು. ನಾನು ಮೊದಲಿನಿಂದ, ಒಂದನ್ನೂ ಬಿಡದೆ, ಅವಳಿಗೆ ಹೇಳತೊಡಗಿದೆ.